ಪಾಚಿ ಕೆರೆದ ಕೈ

ಉಜ್ಜಣ್ಣನಿಗೆ ಪಾಚಿ ಕಂಡರೆ ಆಗುತ್ತಿರಲಿಲ್ಲ. ಹಾವು ಕಂಡರೆ ಓಡುವವರಿದ್ದಾರೆ, ಜಿರಲೆ ಕಂಡರೆ ಮಂಚ ಹತ್ತುವವರಿದ್ದಾರೆ. ಅವರದೆಲ್ಲ ಹೆದರಿಕೆ, ಹೋಗಲಿ ಬಿಡಿ ಎನ್ನಬಹುದು. ಇವನದು ಅಪ್ಪಟ ಹೇಸಿಗೆ, ಮೂವತ್ತು ವರ್ಷ ಪಾಚಿಯ ಜೊತೆ ಒಂದೇ ತೊಟ್ಟಿಯಲ್ಲಿ ಏಗಿದವನಿಗೆ ಮಾತ್ರ ಬರುವಂಥದ್ದು.

ಏಗುವುದೇ ಅವನ ಕಸುಬು. ಮನೆಗಳ ಮೇಲಿನ ನೀರಿನ ಟ್ಯಾಂಕು, ನೆಲದೊಳಗಿನ ಸಂಪು, ಹಾಸ್ಟೆಲ್ಲುಗಳ ದೊಡ್ಡ ಸಿಮೆಂಟು ತೊಟ್ಟಿ, ಎಲ್ಲವನ್ನೂ ತೊಳೆದುಕೊಡುತ್ತಿದ್ದ. ನೀರು ಖಾಲಿ ಮಾಡಿಸಿ, ಏಣಿ ಇಳಿಸಿ, ಚಡ್ಡಿಯಲ್ಲಿ ಒಳಗಿಳಿದು, ಮೊದಲು ತಗಡಿನಿಂದ ಗೋಡೆ ಕೆರೆಯಬೇಕು. ಆಗ ಹಸಿರು ಲೋಳೆ ಪದರ ಪದರವಾಗಿ ಮೊಣಕೈವರೆಗೆ ಇಳಿಯುತ್ತದೆ. ಆಮೇಲೆ ಬ್ರಷ್ಷಿನಿಂದ ಉಜ್ಜಬೇಕು, ಬ್ಲೀಚಿಂಗ್ ಪೌಡರ್ ಎರಚಿ ಮತ್ತೆ ಉಜ್ಜಬೇಕು, ಮೂರು ಸಲ ತೊಳೆದು ನೀರು ಹೊರಗೆ ಚೆಲ್ಲಬೇಕು. ಹೀಗೆ ಉಜ್ಜಿ ಉಜ್ಜಿಯೇ ಅವನು ಉಜ್ಜಣ್ಣನಾದ. ಹೆತ್ತವರು ಇಟ್ಟ ಹೆಸರು ಆಸ್ಪತ್ರೆಯ ಚೀಟಿಯಲ್ಲಷ್ಟೇ ಉಳಿದಿತ್ತು.

ಕೆಲಸದಲ್ಲಿ ಅವನದೊಂದು ಪದ್ಧತಿಯಿತ್ತು. ಎಲ್ಲ ಮುಗಿದ ಮೇಲೆ ಚೀಲದಿಂದ ಅಂಗೈಯಗಲದ ಬಿಳಿ ಬಟ್ಟೆ ತೆಗೆಯುವನು. ತೊಟ್ಟಿಯ ನಾಲ್ಕು ಮೂಲೆ, ಪೈಪು ಸೇರುವ ಸಂದು, ಮುಚ್ಚಳದ ಅಡಿ, ಒಂದೂ ಬಿಡದೆ ಒರೆಸಿ ಮನೆಯವರನ್ನು ಕರೆದು ತೋರಿಸುವನು. ಬಟ್ಟೆ ಬೆಳ್ಳಗಿದ್ದರೆ ಏಣಿ ಎತ್ತುವುದು. ಎಳ್ಳಷ್ಟು ಹಸಿರು ಕಂಡರೂ, ಮನೆಯವರು ಸಾಕಪ್ಪಾ ಎಂದರೂ, ಮತ್ತೆ ಒಳಗಿಳಿಯುವುದು. ಆ ಬಟ್ಟೆಯನ್ನು ಕೊಡುತ್ತಿದ್ದವಳು ಹೆಂಡತಿ. ಅವಳು ಮನೆಯಲ್ಲೇ ಶಾಲೆಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಅಂಗಿಯ ಬಟ್ಟೆಯಲ್ಲಿ ಮಿಕ್ಕ ತುಂಡುಗಳನ್ನು ಚೌಕವಾಗಿ ಕತ್ತರಿಸಿ, ಅಂಚು ಬಿಚ್ಚದಂತೆ ಒಂದು ಹೊಲಿಗೆ ಹಾಕಿ ಗಂಡನ ಚೀಲಕ್ಕೆ ಸೇರಿಸುವಳು.

ಸಂಜೆ ಮನೆಗೆ ಬಂದರೆ ಅರ್ಧ ಗಂಟೆ ನಲ್ಲಿಯ ಕೆಳಗೇ. ಕೈ ಏಳು ಸಲ ತೊಳೆದು, ಉಗುರಿನ ಸಂದಿಗೆ ಕಡ್ಡಿ ಹಾಕಿ ಕೆದಕಿ, ಮೂಸಿ ನೋಡಿ, ಮುಖ ಸಿಂಡರಿಸಿ, ಎಂಟನೇ ಸಲ ತೊಳೆಯುವನು. ತಟ್ಟೆಯಲ್ಲಿ ಬೇಯಿಸಿದ ಸೊಪ್ಪು ಕಂಡರೆ ತಟ್ಟೆಯನ್ನೇ ಆಚೆ ದೂಡುವನು.

"ದನ ಇದನ್ನೇ ತಿಂದು ಗುಂಡುಕಲ್ಲಿನ ಹಾಗಿದೆ, ನಿಮಗೇನ್ರೀ ಧಾಡಿ?" ಎಂದು ಹೆಂಡತಿ ರೇಗುವಳು.

"ದನ ಟ್ಯಾಂಕ್ ತೊಳೆಯಲ್ಲ ಕಣೇ. ತೊಳೆದಿದ್ರೆ ಅದೂ ಉಪವಾಸ ಬೀಳ್ತಿತ್ತು" ಎನ್ನುವನು ಇವನು.

ಇಂಥವನನ್ನು ಕೊನೆಗೆ ಕೆಡವಿದ್ದೂ ಪಾಚಿಯೇ. ಹಾಸ್ಟೆಲ್ಲಿನ ತೊಟ್ಟಿಯಲ್ಲಿ ಕಾಲಿಟ್ಟದ್ದೇ ಅಂಗಾಲು ಜಾರಿ, ಮಂಡಿ ಹೋಗಿ ಏಣಿಯ ಮೆಟ್ಟಿಲಿಗೆ ಬಡಿದು ಚಿಪ್ಪು ಎರಡಾಯಿತು. ಮೂಳೆ ಡಾಕ್ಟರು ತಂತಿ ಹಾಕಿ ಕೂಡಿಸಿದರು, ಇನ್ನು ಏಣಿಯ ಮಾತೇ ಬೇಡ ಎಂದರು.

ಅದೇ ವರ್ಷ ಹೆಂಡತಿಗೆ ಅನ್ನನಾಳ ಕಿರಿದಾಗುವ ಕಾಯಿಲೆ ಶುರುವಾಯಿತು. ಮೊದಲು ಬ್ರೆಡ್ಡು ಎದೆಯಲ್ಲಿ ಸಿಕ್ಕಿಕೊಂಡಿತು, ಆಮೇಲೆ ಅನ್ನ, ಆಮೇಲೆ ಹಿಸುಕಿದ ಬಾಳೆಹಣ್ಣೂ ಇಳಿಯಲಿಲ್ಲ. ತೆಳ್ಳಗಿನ ಗಂಜಿಯೊಂದೇ ಗತಿಯಾಯಿತು. ಐವತ್ತೆರಡು ಕಿಲೋ ಇದ್ದ ಹೆಂಗಸು ಮೂವತ್ತಾರಕ್ಕಿಳಿದು, ತಾನೇ ಹೊಲಿದ ರವಿಕೆಯೊಳಗೆ ಕಳೆದುಹೋದಳು.

ಸರ್ಜನ್ನು ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. "ಆಪರೇಷನ್ ಮಾಡಿದ್ರೆ ಸರಿಹೋಗತ್ತೆ. ಆದ್ರೆ ಈ ಮೈಗೆ ಕತ್ತರಿ ಹಾಕಿದ್ರೆ ಗಾಯ ಕೂಡ್ಕೊಳಲ್ಲ. ರಕ್ತದಲ್ಲಿ ಪ್ರೋಟೀನೇ ಇಲ್ಲ. ಮೂವತ್ತೆಂಟು ಕಿಲೋ ಆಗಿ ಬನ್ನಿ. ತೊಂಬತ್ತು ದಿನದೊಳಗೆ ಬನ್ನಿ, ಆಮೇಲೆ ಗಂಜಿಯೂ ಇಳಿಯೋದು ಕಷ್ಟ."

ಎರಡು ಕಿಲೋ! ಮದುವೆಮನೆಯಲ್ಲಿ ಒಂದು ಹೊತ್ತು ಉಂಡರೆ ಬರುವ ತೂಕ ಎಂದು ನಾವು ನೀವು ನಗಬಹುದು. ಅವಳಿಗೆ ಹಾಲು ಕುಡಿದರೆ ಭೇದಿ, ಮೊಟ್ಟೆ ಕಲಸಿ ಕೊಟ್ಟರೆ ವಾಂತಿ, ಬೇಳೆಯ ಕಟ್ಟು ಕುಡಿದರೆ ಹೊಟ್ಟೆಯುಬ್ಬರ. ಆ ಎರಡು ಕಿಲೋದ ಮೇಲೆ ಅವಳ ಜೀವ ನಿಂತಿತ್ತು.

ಆಸ್ಪತ್ರೆಯಲ್ಲಿ ಆಹಾರದ ಸಲಹೆ ಕೊಡುವ ಹೆಂಗಸೊಬ್ಬಳಿದ್ದಳು. ರೋಗಿಗಳೆಲ್ಲ ಅವಳನ್ನು ಡಯಟಮ್ಮ ಎನ್ನುತ್ತಿದ್ದರು. ಹೆಂಡತಿ ಪರೀಕ್ಷೆಗೆ ರಕ್ತ ಕೊಡಲು ಹೋದಾಗ ಅವಳು ಉಜ್ಜಣ್ಣನನ್ನು ಪಕ್ಕಕ್ಕೆ ಕರೆದು ಒಂದು ಚೀಟಿ ಬರೆದು, ಒಂದು ಸಣ್ಣ ಸೀಸೆಯ ಜೊತೆ ಕೈಗಿಟ್ಟಳು.

"ಗಂಜಿಗೆ ಕಡಲೆಬೀಜ ರುಬ್ಬಿದ ಹಾಲು ಹಾಕಿ. ದಿನಕ್ಕೆ ಎರಡು ಚಮಚ ಪಾಚಿ ಪುಡಿ ಹಾಕಿ. ಮೇಲೆ ಈ ಸೀಸೆಯಿಂದ ಸ್ವಲ್ಪ ಎಣ್ಣೆ."

"ಏನ್ ಪುಡಿ?"

"ಪಾಚಿ ಪುಡಿ. ತಿನ್ನೋಕೆ ಅಂತಲೇ ಬೆಳೆಸೋ ಪಾಚಿ. ಒಣಗಿದ ಪುಡಿ ನೂರು ಗ್ರಾಂ ತಗೊಂಡ್ರೆ ಹತ್ತಿರ ಹತ್ತಿರ ಅರವತ್ತು ಗ್ರಾಂ ಪ್ರೋಟೀನೇ. ಹಾಗಂತ ನೂರು ಗ್ರಾಂ ಯಾರೂ ತಿನ್ನೋಕಾಗಲ್ಲ, ಅದೊಂದರಿಂದ್ಲೇ ಎಲ್ಲ ಆಗತ್ತೆ ಅಂತಾನೂ ನಾನು ಹೇಳಲ್ಲ. ಆದ್ರೆ ತೆಳ್ಳಗೆ ಬೆರೆಯತ್ತೆ, ಇವರ ಗಂಟಲಲ್ಲಿ ಇಳಿಯತ್ತೆ, ಹೊಟ್ಟೆಗೂ ಹಗುರ. ಎಣ್ಣೆ ಇನ್ನೊಂದು ಜಾತಿ ಪಾಚೀದು. ಮೀನಲ್ಲಿ ಒಳ್ಳೆ ಕೊಬ್ಬು ಇದೆ ಅಂತಾರಲ್ಲ, ಮೀನಿಗೂ ಅದು ಸಿಗೋದು ಪಾಚಿಯಿಂದಲೇ."

ಉಜ್ಜಣ್ಣನ ಬಾಯಿ ಒಳಗೊಳಗೇ ಲೋಳೆಯಾಯಿತು. ಮೂವತ್ತು ವರ್ಷದ ತೊಟ್ಟಿಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದಂತಾಗಿ, ಕಿಟಕಿಯ ಕಡೆ ತಿರುಗಿ ಉಗುಳು ನುಂಗಿದ. ಡಯಟಮ್ಮ ಅದನ್ನು ಗಮನಿಸಲಿಲ್ಲ. ಅವಳಿಗೆ ಅವನ ಕಸುಬು ಗೊತ್ತಾಗಿತ್ತು, ಖುಷಿಯಾಗಿತ್ತು.

"ನೀವು ತೊಟ್ಟಿ ಕೆಲಸದವರಂತೆ? ನಂಗೆ ವಿಜ್ಞಾನ ಹೇಳ್ಕೊಟ್ಟ ಟೀಚರು ನಿವೃತ್ತಿಯಾಗಿ ಈ ಪಾಚಿ ಬೆಳೀತಿದಾರೆ. ಅವರಿಗೆ ತೊಟ್ಟಿ ನೋಡ್ಕೊಳೋರು ಬೇಕಂತೆ. ಏಣಿ ಹತ್ತೋದಿಲ್ಲ, ಸೊಂಟದೆತ್ತರದ ತೊಟ್ಟಿ. ಹೋಗಿ, ಸಂಬಳದ ಜೊತೆಗೆ ಪುಡಿಯೂ ಕೊಡ್ತಾರೆ. ಅಂಗಡೀಲಿ ಅದಕ್ಕೆ ಬೆಳ್ಳಿ ರೇಟು."

ಕಳ್ಳನ ಕೈಗೆ ಬೀಗದಕೈ ಕೊಡುವುದು ಎಂದರೆ ಇದೇ. ಬೇರೆ ಕೆಲಸ ಎಲ್ಲಿದೆ? ಕುಂಟುಕಾಲು ಹಾಕಿಕೊಂಡು ಉಜ್ಜಣ್ಣ ಹೋದ.

ಊರಾಚೆ, ಪ್ಲಾಸ್ಟಿಕ್ ಹಾಳೆಯ ಮಾಡಿನ ಕೆಳಗೆ ಉದ್ದನೆಯ ಮೂರು ತೊಟ್ಟಿಗಳು. ಒಳಗೆ ಕಡುಹಸಿರು ನೀರು. ಹಸಿರೆಂದರೆ ಎಂಥ ಹಸಿರು! ಕೈಯದ್ದಿದರೆ ಬೆರಳು ಕಾಣದು. ಬಿಸಿಲಿಗೆ ಬೆಚ್ಚಗಾದ ನೀರಿನಿಂದ ಕೊಳೆತ ಹುಲ್ಲಿಗೂ ಹಸಿ ಮೀನಿಗೂ ನಡುವಿನ ಒಂದು ನಾತ ಏಳುತ್ತಿತ್ತು. ಟೀಚರು ಅದರ ಮುಂದೆ ನಿಂತು ಮೂಗು ತುಂಬ ಉಸಿರೆಳೆದು, "ಇವತ್ತು ಚೆನ್ನಾಗಿದೆ" ಎಂದರು. ಉಜ್ಜಣ್ಣನಿಗೆ ಅವರ ತಲೆಯ ಮೇಲೇ ಅನುಮಾನ ಬಂತು.

ಟೀಚರು ಪಾಠ ಮಾಡದೆ ಇರಲಾರರು. "ನೋಡಿ ಉಜ್ಜಣ್ಣ, ಎಲ್ಲ ಪಾಚೀನೂ ತಿನ್ನೋದಲ್ಲ. ನೀವು ಕೆರೀತಿದ್ರಲ್ಲ, ಅದು ತಿಂದ್ರೆ ಆಸ್ಪತ್ರೆಗೇ ಹೋಗ್ಬೇಕಾಗತ್ತೆ. ಇದು ಬೇರೆ ಜಾತಿ. ಶುದ್ಧ ನೀರು, ಅಡುಗೆ ಸೋಡಾ, ಉಪ್ಪು, ಬಿಸಿಲು, ಇಷ್ಟೇ ಇದರ ಊಟ."

"ಕಳ್ಳನ ತಮ್ಮ ಸಂಭಾವಿತನಾ ಟೀಚರ್?" ಎಂದ ಉಜ್ಜಣ್ಣ.

ಅವರು ನಕ್ಕರು. ನಗದೆ ಕೆಲಸ ಹೇಳಿಕೊಡುವಷ್ಟು ಕಠಿಣರಲ್ಲ. ದಿನಕ್ಕೆ ಆರು ಸಲ ನೀರು ಕಲಕಬೇಕು. ಪಾಚಿ ಎಷ್ಟು ದಟ್ಟವಾಗಿದೆ ಎಂದು ನೋಡಲು ಒಂದು ಕೋಲು. ಅದರ ತುದಿಗೆ ಬಿಳಿಯ ಪ್ಲಾಸ್ಟಿಕ್ ಬಿಲ್ಲೆ. ಕೋಲನ್ನು ನೀರಿಗಿಳಿಸುತ್ತ ಹೋದಾಗ ಬಿಲ್ಲೆ ಎರಡು ಬೆರಳಗಲದ ಆಳದಲ್ಲೇ ಮರೆಯಾದರೆ ಬೆಳೆ ಬಂದಿದೆ ಎಂದರ್ಥ. ಆಗ ಮುಂಜಾನೆ ಬಿಳಿ ಬಟ್ಟೆಯ ಮೇಲೆ ನೀರು ಸೋಸಬೇಕು. ಬಟ್ಟೆಯ ಮೇಲೆ ಉಳಿದದ್ದನ್ನು ತೊಳೆದು, ಹಿಂಡಿ, ಶಾವಿಗೆ ಒತ್ತಿನಲ್ಲಿ ಹಾಕಿ ಎಳೆ ಎಳೆಯಾಗಿ ಒತ್ತಿ, ಒಣಗಿಸಿ ಪುಡಿ ಮಾಡುವುದು. ಅಯ್ಯೋ, ಬಿಳಿ ಬಟ್ಟೆ ಹಸಿರಾದರೆ ಇಲ್ಲಿ ಎಲ್ಲರಿಗೂ ಸಂತೋಷ! ಮೊದಲ ದಿನ ಅದನ್ನು ನೋಡಿ ಉಜ್ಜಣ್ಣ ಮಾಡಿನಾಚೆ ಹೋಗಿ ಬೆಳಗಿನ ಕಾಫಿಯನ್ನು ವಾಂತಿ ಮಾಡಿಕೊಂಡ.

ಹತ್ತು ದಿನಕ್ಕೊಂದು ಪೊಟ್ಟಣ. ದಪ್ಪ ತಗಡಿನ ಹಾಳೆಯಲ್ಲಿ ಬಿಗಿಯಾಗಿ ಮುಚ್ಚಿದ ಪೊಟ್ಟಣವನ್ನು ಟೀಚರು ತಾವೇ ಕೈಗಿಡುವರು, ಹೇಗಿದ್ದಾರೆ ಮನೆಯವರು ಎಂದು ಕೇಳುವರು. ಉಜ್ಜಣ್ಣ ತೆಗೆದುಕೊಂಡು ತನ್ನ ಹಳೇ ಕೆಲಸದ ಚೀಲದ ತಳಕ್ಕೆ, ತಗಡು ಬ್ರಷ್ಷುಗಳ ಕೆಳಕ್ಕೆ ತುರುಕುವನು. ಅಲ್ಲೇ ಇತ್ತು ಎಣ್ಣೆಯ ಸೀಸೆ, ಡಯಟಮ್ಮನ ಚೀಟಿ. ಬಿಸಾಡಲು ಮನಸ್ಸು ಬರಲಿಲ್ಲ, ಪಾಪಪ್ರಜ್ಞೆ ಅಷ್ಟರ ಮಟ್ಟಿಗಿತ್ತು. ಕೊಡಲೂ ಕೈ ಬರಲಿಲ್ಲ. ತಾನು ಕಾಲಲ್ಲಿ ತುಳಿದ, ಬಚ್ಚಲಿಗೆ ಬಳಿದ ಆ ಲೋಳೆಯನ್ನು ಕಟ್ಟಿಕೊಂಡವಳ ಬಾಯಿಗೆ ಸುರಿಯುವುದೇ? ಥೂ. ಅದಕ್ಕಿಂತ ಗಂಜಿಗೆ ಒಂದು ಹಿಡಿ ಸಕ್ಕರೆ ಜಾಸ್ತಿ ಹಾಕಿದರಾಯಿತು, ಸಕ್ಕರೆ ತಿಂದು ತೂಕ ಬರದವರು ಯಾರಿದ್ದಾರೆ? ಹೀಗೆಂದು ತನಗೆ ತಾನೇ ಡಾಕ್ಟರಾದ. ಹೆಂಡತಿಗೆ ಪುಡಿಯ ಸುದ್ದಿಯೇ ಗೊತ್ತಿಲ್ಲ. ಟೀಚರು ಕೇಳಿದರೆ "ಕುಡೀತಾಳೆ ಟೀಚರ್, ದಿನಾ ಕುಡೀತಾಳೆ" ಎನ್ನುವನು. ಹೇಸಿಗೆಯವನ ಬಾಯಲ್ಲಿ ಆ ಸುಳ್ಳು ಎಷ್ಟು ನಯವಾಗಿ ಬರುತ್ತಿತ್ತೆಂದರೆ ಪಾಚಿಯೂ ಅಷ್ಟು ಜಾರುವುದಿಲ್ಲ.

ಸರ್ಜನ್ನು ಕೊಟ್ಟ ತೊಂಬತ್ತು ದಿನಗಳಲ್ಲಿ ಮೂವತ್ತೊಂಬತ್ತನೇ ದಿನ ಎಡವಟ್ಟಾಯಿತು.

ಎರಡನೇ ಮತ್ತು ಮೂರನೇ ತೊಟ್ಟಿಗಳು ಕಳೆ ಪಾಚಿ ಸೇರಿ ಕೆಟ್ಟಿದ್ದವು. ಗಿಡಕ್ಕೆ ಕಳೆ ಇರುವಂತೆ ಪಾಚಿಗೂ ಕಳೆ ಇದೆ. ಅವೆರಡನ್ನೂ ಖಾಲಿ ಮಾಡಿ, ಮೊದಲನೆಯದರಿಂದ ಹೊಸ ಬೀಜ ಹಾಕಬೇಕೆಂದು ಟೀಚರು ಸೋಡಾ ತರಲು ಪೇಟೆಗೆ ಹೊರಟರು. ಹೋಗುವಾಗ ಮೊದಲನೇ ತೊಟ್ಟಿ ತೋರಿಸಿ, "ಅಂಚಿಗೆ ನೊರೆ ಕಟ್ಟಿ ಒಣಗಿದೆ, ಒದ್ದೆ ಬಟ್ಟೇಲಿ ಒರೆಸಿಡಿ" ಎಂದರು.

ಉಜ್ಜಣ್ಣ ಒರೆಸಲು ಕೂತ. ಅಂಚಿನ ನೊರೆ ಹೋಯಿತು. ಅದರಡಿ ಒಂದು ಗಟ್ಟಿ ಪದರ ಕಂಡಿತು. ಬಟ್ಟೆಗೆ ಬರಲಿಲ್ಲ, ಚೀಲದಿಂದ ತಗಡು ತೆಗೆದ. ತಗಡು ಕೈಗೆ ಬಂದದ್ದೇ ತಡ, ಮೂವತ್ತು ವರ್ಷದ ಕೈ ತಾನಾಗಿ ನಡೆಯಿತು. ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ. ನೀರು ಅಡ್ಡ ಬಂತು. ನೀರು ಅಡ್ಡ ಬಂದರೆ ಏನು ಮಾಡಬೇಕೆಂದು ಕೈಗೆ ಗೊತ್ತಿತ್ತು, ತಳದ ಬಿರಡೆ ಎಳೆಯಿತು. ಹಸಿರೆಲ್ಲ ಗೊಳಗೊಳ ಎಂದು ಮೋರಿಗೆ ಹೋಗುವ ಸದ್ದು ಕೇಳಿ ಉಜ್ಜಣ್ಣನ ಮೈ ಹಗುರಾಯಿತು. ಮಂಡಿಯ ನೋವೂ ಮರೆತುಹೋಯಿತು. ಒಳಗಿಳಿದು ಕೆರೆದ, ಉಜ್ಜಿದ, ಬ್ಲೀಚಿಂಗ್ ಪೌಡರಿಗೆ ಚೀಲದಲ್ಲಿ ಕೈಹಾಕಿದಾಗ ಅಡ್ಡ ಸಿಕ್ಕ ಪೊಟ್ಟಣಗಳನ್ನು ಆಚೆ ಸರಿಸಿದ. ಮೂರು ಸಲ ತೊಳೆದ. ಆರು ತಿಂಗಳಿಂದ ಬಾಯಿಗೆ ಬಾರದ ಹಾಡೊಂದು ಮೂಗಿನಲ್ಲಿ ಬಂತು. ಕೊನೆಗೆ ಬಿಳಿ ಬಟ್ಟೆಯಲ್ಲಿ ನಾಲ್ಕು ಮೂಲೆ ಒರೆಸಿ ಬೆಳಕಿಗೆ ಹಿಡಿದ. ಹಾಲಿನಂಥ ಬಿಳುಪು.

ಟೀಚರು ಬಂದಾಗ ಅದನ್ನೇ ಎತ್ತಿ ತೋರಿಸಿದ. "ನೋಡಿ ಟೀಚರ್, ಒಂದು ಚುಕ್ಕೆ ಇಲ್ಲ."

ಟೀಚರು ಬಟ್ಟೆ ನೋಡಿದರು, ತೊಟ್ಟಿ ನೋಡಿದರು, ಪಕ್ಕದಲ್ಲಿ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತರು.

"ಉಜ್ಜಣ್ಣ, ಇದು ತಾಯಿ ತೊಟ್ಟಿ ಅಲ್ವೇನ್ರೀ? ಇದರಿಂದ ತಾನೇ ಉಳಿದ ಎರಡಕ್ಕೂ ಬೀಜ ಹಾಕ್ಬೇಕಿತ್ತು?"

ಆಗ ಉಜ್ಜಣ್ಣನಿಗೆ ಎಚ್ಚರವಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇವನದು ಹುಟ್ಟುಗುಣವಲ್ಲ, ಕಲಿತ ಗುಣ. ಅದು ಬ್ಲೀಚಿಂಗ್ ಪೌಡರಿಗೂ ಹೋಗಿರಲಿಲ್ಲ.

ಟೀಚರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಗೆಳತಿಯೊಬ್ಬಳು ಬೆಳೀತಾಳೆ, ಒಂದು ಬಾಟಲಿ ಬೀಜ ಕೇಳ್ತೀನಿ. ಬಾಟಲಿಯಿಂದ ಬಕೆಟ್ಟು, ಬಕೆಟ್ಟಿಂದ ತೊಟ್ಟಿ, ನಲವತ್ತು ದಿನ ಬೇಕು. ತೊಳೆದವರು ನೀವು, ಹಸಿರು ಮಾಡೋರೂ ನೀವೇ. ಅಲ್ಲೀವರೆಗೂ ಪುಡಿ ಇಲ್ಲ, ನಿಮ್ಮನೆಯವರಿಗೆ ಏನು ಮಾಡ್ತೀರೋ ಕಾಣೆ" ಎಂದರು.

ಪುಡಿ ಇಲ್ಲ ಎಂದು ಕೇಳಿ ಉಜ್ಜಣ್ಣನಿಗೆ ಏನನ್ನಿಸಿತು ಗೊತ್ತೇ? ಪೀಡೆ ತೊಲಗಿತು ಎನ್ನಿಸಿತು. ಇನ್ನು ಸುಳ್ಳು ಹೇಳುವ ಅಗತ್ಯವಿಲ್ಲ ಎಂದು ಸಮಾಧಾನವಾಯಿತು. ಇಂಥ ಸಮಾಧಾನಕ್ಕೆ ಬೆಂಕಿ ಬೀಳಲಿ.

ಮರುದಿನ ಆಸ್ಪತ್ರೆಯಲ್ಲಿ ಹೆಂಡತಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮೂವತ್ತೈದು ಕಿಲೋ ಇನ್ನೂರು ಗ್ರಾಂ. ಏರಬೇಕಾದದ್ದು ಇಳಿದಿತ್ತು. ಡಯಟಮ್ಮ ಚಾಳೀಸು ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಏನಮ್ಮಾ ಇದು? ಹಸಿರು ಗಂಜಿ ಸರಿಯಾಗಿ ಕುಡೀತಿದೀರಾ? ವಾಂತಿಯಾಗ್ತಿದೆಯಾ?"

"ಯಾವ ಹಸಿರು ಗಂಜಿ?" ಎಂದಳು ಹೆಂಡತಿ.

ಡಯಟಮ್ಮ ಉಜ್ಜಣ್ಣನ ಮುಖ ನೋಡಿದಳು. ಹೆಂಡತಿಯೂ ನೋಡಿದಳು. ಅವನು ಗೋಡೆಯ ಮೇಲಿದ್ದ ಹಣ್ಣಿನ ಚಿತ್ರ ನೋಡಿದ. ಡಯಟಮ್ಮ ಹೆಂಡತಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು, ಪುಡಿ, ಎಣ್ಣೆ, ಕಡಲೆಬೀಜದ ಹಾಲು. ಕೊನೆಗೆ, "ಇನ್ನು ಐವತ್ತು ದಿನ ಇದೆ" ಎಂದಳು.

ಹೆಂಡತಿ ಮನೆಗೆ ಬಂದು ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು, "ಚೀಲ ತನ್ನಿ" ಎಂದಳು.

ಅವಳಿಗೆ ಅವನ ಗುಟ್ಟಿನ ಜಾಗ ಗೊತ್ತಿರಲಿಲ್ಲವೇ? ಇಪ್ಪತ್ತು ವರ್ಷದ ಹಿಂದೆ ಬೀಡಿ ಬಚ್ಚಿಡುತ್ತಿದ್ದದ್ದೂ ಅಲ್ಲೇ. ಅವಳೇ ಚೀಲ ಕೊಡವಿದಳು. ಬ್ರಷ್ಷು, ತಗಡು, ಸೀಸೆ, ಚೀಟಿ, ನಾಲ್ಕು ಪೊಟ್ಟಣ ನೆಲದ ಮೇಲೆ ಬಿದ್ದವು. ನಾಲ್ಕೂ ಬಾಯಿ ಬಿಚ್ಚದವು.

"ಅದು ಪಾಚಿ ಕಣೇ" ಎಂದು ಉಜ್ಜಣ್ಣ ಶುರುಮಾಡಿದ. ಶುರುವಾದದ್ದು ನಿಲ್ಲಲಿಲ್ಲ. "ಅದರ ನಾತ ನಿಂಗೇನು ಗೊತ್ತು? ಅದರಲ್ಲಿ ಸತ್ತ ಹಲ್ಲಿ ನೋಡಿದೀನಿ, ಇಲಿ ನೋಡಿದೀನಿ, ಹುಳ ಮಿಜಿಮಿಜಿ ಅನ್ನೋದು ನೋಡಿದೀನಿ. ಕಾಲಲ್ಲಿ ತುಳಿದಿದೀನಿ ಕಣೇ ಅದನ್ನ! ನನ್ನ ಕೈಯಾರೆ ನಿನ್ನ ಬಾಯಿಗೆ ಹೆಂಗೆ ಹಾಕ್ಲಿ? ನಂಗೆ ಹೇಸಿಗೆ ಆಗತ್ತೆ, ಆಗತ್ತೆ ಅಷ್ಟೇ!"

"ನನ್ನ ಗಂಟಲಲ್ಲಿ ಏನಿಳೀಬೇಕು ಅಂತ ನಿಮ್ಮ ಮೂಗು ತೀರ್ಮಾನ ಮಾಡೋದಾ?" ಎಂದಳು ಅವಳು.

ಉಜ್ಜಣ್ಣ ನೆಲಕ್ಕೆ ಕೂತು ಬಿದ್ದ ಬ್ರಷ್ಷುಗಳನ್ನು ಚೀಲಕ್ಕೆ ಹಾಕತೊಡಗಿದ.

"ಮೂವತ್ತು ವರ್ಷ ನಾನು ಉಂಡಿದ್ದು ಯಾವ ಅನ್ನ? ನೀವು ಪಾಚಿ ಕೆರೆದು ತಂದ ಅನ್ನ ತಾನೇ? ದಿನಾ ಸಂಜೆ ಅದೇ ನಾತ ಹೊತ್ಕೊಂಡು ಬರ್ತಿದ್ರಿ. ಏಳು ಸಲ ತೊಳೆದ್ರೂ ಹೋಗ್ತಿರಲಿಲ್ಲ, ನಿಮಗೆ ಹೇಳ್ತಿರಲಿಲ್ಲ ಅಷ್ಟೇ. ಆ ಕೈ ಪಕ್ಕದಲ್ಲೇ ಮಲಗಿದೀನಿ. ನಂಗೆ ಯಾವತ್ತಾದ್ರೂ ಹೇಸಿಗೆ ಆಯ್ತಾ?"

ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಉಸಿರು ಹತ್ತಿತು. ಉಜ್ಜಣ್ಣ ಎಷ್ಟೋ ಹೇಸಿಗೆ ಕಂಡವನು, ಆದರೆ ಆ ಸಂಜೆ ತನ್ನ ಮೇಲೇ ಬಂದ ಹೇಸಿಗೆಯ ಮುಂದೆ ಇಲಿ ಸತ್ತ ಸಂಪೂ ಶುದ್ಧವೆನಿಸಿತು. ನಲವತ್ತು ದಿನ! ತನ್ನ ಮೂಗಿನ ಮರ್ಯಾದೆ ಉಳಿಸಲು ಹೆಂಡತಿಯ ನಲವತ್ತು ದಿನವನ್ನು ಚೀಲದಲ್ಲಿ ಬಚ್ಚಿಟ್ಟಿದ್ದ.

ಎದ್ದು ಒಲೆ ಹಚ್ಚಿದ. ಗಂಜಿ ಕಾಯಿಸಿ ಆರಿಸಿ, ಕಡಲೆಬೀಜ ರುಬ್ಬಿ ಸೋಸಿ ಹಾಕಿ, ಪೊಟ್ಟಣದ ಬಾಯಿ ಕತ್ತರಿಸಿದ. ನಾತ ಮೂಗಿಗೆ ಹೊಡೆಯಿತು. ಎರಡು ಚಮಚ ಬಿದ್ದದ್ದೇ ಗಂಜಿ ತಿಪ್ಪೆಗುಂಡಿಯ ನೀರಿನ ಬಣ್ಣಕ್ಕೆ ತಿರುಗಿತು. ಮೇಲೆ ಮೀನುಮೀನು ವಾಸನೆಯ ಎಣ್ಣೆ. ಮುಖ ಆ ಕಡೆ ತಿರುಗಿಸಿಕೊಂಡು ಲೋಟ ನೀಡಿದ.

ಹೆಂಡತಿ ಮೂಸಿ ನೋಡಿದಳು. ಅವಳ ಮುಖವೂ ಸೊಟ್ಟಗಾಯಿತು. "ಅಬ್ಬಾ, ನಿಜಕ್ಕೂ ಅಸಹ್ಯವಾಗೇ ಇದೆ. ಮೊದಲ ಗುಟುಕು ನಿಮ್ಮದು."

"ನಂದಾ?"

"ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗೆ. ಒಬ್ಬಳೇ ಕುಡಿಯೋಕೆ ನಂಗೂ ಆಗಲ್ಲ. ನೀವು ಕುಡಿದ್ರೆ ನಾನು ಕುಡೀತೀನಿ."

ಉಜ್ಜಣ್ಣ ಕಣ್ಣು ಮುಚ್ಚಿ, ಮೂಗು ಹಿಡಿದು, ಒಂದು ಗುಟುಕು ಎಳೆದ. ನಾಲಿಗೆಯ ಮೇಲೆ ಹಾಸ್ಟೆಲ್ಲಿನ ತೊಟ್ಟಿ ಬಂತು, ಗಂಟಲಲ್ಲಿ ಸಂಪು ಬಂತು, ನುಂಗಿದ, ಅದು ಅರ್ಧ ದಾರಿಯಿಂದ ವಾಪಸು ಬಂತು. ಓಡಿಹೋಗಿ ಬಚ್ಚಲಲ್ಲಿ ಬಗ್ಗಿದ. ಹಿಂದಿನಿಂದ ಒಂದು ಸದ್ದು ಕೇಳಿ ತಿರುಗಿ ನೋಡಿದರೆ ಹೆಂಡತಿ ಯಂತ್ರದ ಮೇಲೆ ಕೈಯೂರಿ ನಗುತ್ತಿದ್ದಳು, ಎಷ್ಟೋ ತಿಂಗಳ ಮೇಲೆ. ನಗುತ್ತಲೇ ಉಳಿದದ್ದನ್ನು ಸಣ್ಣ ಸಣ್ಣ ಗುಟುಕಿನಲ್ಲಿ ಕುಡಿದು, ಲೋಟ ಬೋರಲು ಹಾಕಿ ತೋರಿಸಿದಳು.

ಅಂದಿನಿಂದ ಅದೇ ನಿಯಮವಾಯಿತು. ಬೆಳಿಗ್ಗೆ ಸಂಜೆ ಮೊದಲ ಗುಟುಕು ಅವನದು. ನಾಲ್ಕನೇ ದಿನ ವಾಂತಿ ನಿಂತಿತು, ಥೂ ಎನ್ನುವುದು ನಿಲ್ಲಲಿಲ್ಲ. ಅಭ್ಯಾಸವಾದರೆ ರುಚಿಸುತ್ತದೆ ಎಂದು ಟೀಚರು ಹೇಳಿದ್ದರು. ಸುಳ್ಳು. ಅವನಿಗೆ ಅದು ಎಂದೂ ರುಚಿಸಲಿಲ್ಲ.

ಚೀಲದಲ್ಲಿದ್ದದ್ದು ನಲವತ್ತು ದಿನಕ್ಕೆ ಸಾಲುವ ಪುಡಿ. ತೊಟ್ಟಿ ಹಸಿರಾಗಲು ಬೇಕಾದದ್ದೂ ನಲವತ್ತು ದಿನ. ಒಂದು ದಿನ ತಡವಾದರೆ ಲೋಟಕ್ಕೆ ಹಾಕಲು ಏನೂ ಇಲ್ಲ. ಟೀಚರ ಗೆಳತಿಯಿಂದ ಬಂದ ಬಾಟಲಿಯನ್ನು ಉಜ್ಜಣ್ಣ ಎರಡೂ ಕೈಯಲ್ಲಿ ಇಸಿದುಕೊಂಡ. ಬಾಣಂತಿ ಕೋಣೆಯ ಕೂಸಿನ ಹಾಗೆ ಅದಕ್ಕೆ ಬಿಸಿಲು ಹೆಚ್ಚಾದರೆ ನೆರಳು ಮಾಡಿದ, ತಂಪಾದರೆ ಬಿಸಿಲಿಗೆ ಸರಿಸಿದ. ಬಾಟಲಿ ದಟ್ಟವಾದಾಗ ಬಕೆಟ್ಟಿಗೆ ಸುರಿದ, ಬಕೆಟ್ಟು ಎರಡಾಯಿತು, ನಾಲ್ಕಾಯಿತು. ತೊಟ್ಟಿಗೆ ಸುರಿಯುವ ಮೊದಲು ತಾನು ಹಾಕಿದ್ದ ಬ್ಲೀಚಿಂಗ್ ಪೌಡರಿನ ವಾಸನೆ ಎಲ್ಲಾದರೂ ಉಳಿದಿದೆಯೇ ಎಂದು ಸಿಮೆಂಟಿಗೆ ಮೂಗು ತಾಗಿಸಿ ಇಡೀ ತೊಟ್ಟಿ ಮೂಸಿದ. ದಿನಕ್ಕೆ ಆರು ಸಲ ಕಲಕು ಎಂದರೆ ಹನ್ನೆರಡು ಸಲ ಕಲಕಿದ. ಪ್ರತಿ ಸಲ ನಾತಕ್ಕೆ ಮುಖ ಸಿಂಡರಿಸಿದ, ಪ್ರತಿ ಸಲ ಕೋಲು ಇಳಿಸಿ ನೋಡಿದ. ಬಿಳಿ ಬಿಲ್ಲೆ ತೊಟ್ಟಿಯ ತಳದವರೆಗೂ ಹಲ್ಲು ಕಿರಿಯುತ್ತಿತ್ತು.

"ಹಸಿರಾಗೇ ದರಿದ್ರದ್ದೇ" ಎಂದು ಬೈದ. ಕರೆಯದಿದ್ದಾಗ ಊರ ಟ್ಯಾಂಕುಗಳಲ್ಲೆಲ್ಲ ಬಂದು ಕೂತ ಪಾಚಿ, ಈಗ ಕೈಮುಗಿದು ಕರೆದರೆ ಬಿಗುಮಾನ ಮಾಡುತ್ತಿತ್ತು.

ಬಾಟಲಿ ಬಂದ ಇಪ್ಪತ್ತನೇ ದಿನ ಬಿಲ್ಲೆ ಒಂದು ಗೇಣಿನಲ್ಲಿ ಮಸುಕಾಯಿತು. ಮೂವತ್ತನೇ ದಿನ ಒಂದು ಅಂಗೈ. ಮೂವತ್ತೊಂಬತ್ತನೇ ದಿನ ಮನೆಯಲ್ಲಿ ಕೊನೆಯ ಪೊಟ್ಟಣದ ಮೂಲೆ ಕೊಡವಿ ಲೋಟಕ್ಕೆ ಹಾಕಿದ್ದಾಯಿತು. ನಲವತ್ತನೆಯ ಮುಂಜಾನೆ ಕೋಲು ಇಳಿಸಿದಾಗ ಬಿಲ್ಲೆ ಎರಡು ಬೆರಳಗಲ ಹೋಗುವಷ್ಟರಲ್ಲಿ ಮಾಯವಾಯಿತು. ಉಜ್ಜಣ್ಣ ಕೋಲನ್ನು ಎತ್ತಿ ಮತ್ತೆ ಇಳಿಸಿದ. ಮತ್ತೆ ಮಾಯವಾಯಿತು. "ಟೀಚರ್, ಬಿಳಿ ಕಾಣ್ತಿಲ್ಲ! ಏನೂ ಕಾಣ್ತಿಲ್ಲ!" ಎಂದು ಕೂಗಿಕೊಂಡ. ಬಿಳಿ ಕಾಣದ್ದಕ್ಕೆ ಅವನು ಹಿಗ್ಗಿದ್ದು ಜನ್ಮದಲ್ಲಿ ಅದೇ ಮೊದಲು.

ತೊಂಬತ್ತನೇ ದಿನ ಹೆಂಡತಿ ತೂಕದ ಯಂತ್ರ ಹತ್ತಿದಳು. ಮೂವತ್ತೆಂಟು ಕಿಲೋ ನೂರು ಗ್ರಾಂ. ರಕ್ತದ ವರದಿಯೂ ಸರ್ಜನ್ನಿಗೆ ಒಪ್ಪಿಗೆಯಾಯಿತು. ಡಯಟಮ್ಮ ಮಾತ್ರ ಮೊದಲಿನಂತೆಯೇ ತೂಗಿ ಮಾತಾಡಿದಳು. "ಪಾಚಿ ಒಂದರಿಂದ್ಲೇ ಅಂತ ಊರೆಲ್ಲ ಹೇಳ್ಕೊಂಡು ಬರಬೇಡಿ. ಎಣ್ಣೆ ಇದೆ, ಕಡಲೆಬೀಜ ಇದೆ, ನಿಮ್ಮ ಮನೆಯವರ ಹಟ ಇದೆ."

ಆಪರೇಷನ್ನಿನ ದಿನ ಬೆಳಿಗ್ಗೆ ತೊಟ್ಟಿಯಲ್ಲಿ ಕೊಯ್ಲಿತ್ತು. ಗಾಯ ಮಾಯಲು ಮುಂದೆಯೂ ಪುಡಿ ಬೇಕು ಎಂದಿದ್ದರಿಂದ ಉಜ್ಜಣ್ಣ ಬೆಳಕು ಹರಿಯುವ ಮೊದಲೇ ಹೋಗಿ ಸೋಸಿ, ಹಿಂಡಿ, ಒಣಹಾಕಿ, ಹೊತ್ತಾಯಿತೆಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನೇರವಾಗಿ ಆಸ್ಪತ್ರೆಗೆ ಓಡಿಬಂದ. ಹೆಂಡತಿಯನ್ನು ಹಸಿರು ಗೌನು ಹಾಕಿ ಚಕ್ರದ ಮಂಚದ ಮೇಲೆ ಮಲಗಿಸಿದ್ದರು. ಅವನು ಹತ್ತಿರ ಬಂದಾಗ ಅವಳು ಅವನ ಬಲಗೈ ಹಿಡಿದುಕೊಂಡಳು. ಮೂಗಿನ ಹತ್ತಿರ ತಂದಳು.

"ಥೂ, ಎಷ್ಟು ನಾರ್ತಿದೆ ರೀ" ಎಂದಳು. ಆದರೂ ಬಿಡಲಿಲ್ಲ. ಬಾಗಿಲವರೆಗೂ ಹಿಡಿದುಕೊಂಡೇ ಹೋದಳು. ಅಲ್ಲಿ ನರ್ಸು ಬಿಡಿಸಿದಳು.

"ಕೈ ತೊಳ್ಕೊಳಿ ಯಜಮಾನ್ರೇ, ಅಲ್ಲಿ ಸೋಪಿದೆ" ಎಂದಳು ನರ್ಸು, ಮೂಗು ಮುಚ್ಚಿಕೊಂಡು.

ನಲ್ಲಿ ನಾಲ್ಕು ಹೆಜ್ಜೆಯಲ್ಲಿತ್ತು. ಉಜ್ಜಣ್ಣ ಅಲ್ಲಿಗೆ ಹೋದ, ನಲ್ಲಿಯ ಮೇಲೆ ಎಡಗೈ ಇಟ್ಟ, ತಿರುಗಿಸಲಿಲ್ಲ. ವಾಪಸು ಬಂದು ಬೆಂಚಿನ ಮೇಲೆ ಕೂತ. ಬಲಗೈ ತೊಡೆಯ ಮೇಲೆ ಅಂಗಾತ ಇತ್ತು. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಹಸಿರು ಒಣಗಿ ಬಿಗಿಯುತ್ತಿತ್ತು. ಬೆಚ್ಚಗಾದಷ್ಟೂ ನಾತ ಏರಿತು. ಪಕ್ಕದಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಬೇರೆ ಬೆಂಚಿಗೆ ಹೋದರು. ನಾಲ್ಕು ಗಂಟೆ ಕಾಲ ಅವನು ಆ ಕೈಯನ್ನು ಆಗಾಗ ಮೂಗಿಗೆ ಹಿಡಿದ, ಥೂ ಎಂದ, ಮತ್ತೆ ತೊಡೆಯ ಮೇಲಿಟ್ಟ. ಅವಳು ಕೊನೆಗೆ ಹಿಡಿದಿದ್ದ ಕೈ ಅದು.

ಬಾಗಿಲು ತೆರೆದು ಸರ್ಜನ್ನು ಹೊರಗೆ ಬಂದರು, ಮುಖಕ್ಕೆ ಕಟ್ಟಿದ್ದ ಬಟ್ಟೆ ಕೆಳಗೆಳೆದು, "ಚೆನ್ನಾಗಾಯ್ತು. ಮನೆಯವರಿಗೆ ಎಚ್ಚರ ಆಗ್ತಿದೆ, ಹೋಗಿ ನೋಡಿ. ಕೈ ತೊಳ್ಕೊಂಡು ಹೋಗಿ" ಎಂದರು.

ಆಗ ಉಜ್ಜಣ್ಣ ಎದ್ದು ನಲ್ಲಿಗೆ ಹೋದ. ಒಂದೇ ಒಂದು ಸಲ ತೊಳೆದು ಒಳಗೋಡಿದ.